ಹಳೆಯ ಕೇಬಲ್ಲಿನ ಸೀಸದ ಹೊದಿಕೆಯನ್ನು ಮನೆಯಲ್ಲೇ ಬಿಡಿಸಬಹುದೇ?

ಶಿರಸಿ ತೋಟಿಗ:

ಶಿರಸಿಯ ಸಮೀಪದಲ್ಲಿರುವ ನಮ್ಮ ಮಾವನವರ ಅಕ್ಕಿ ಗಿರಣಿ ಮುಚ್ಚಿ ಬಹಳ ವರ್ಷಗಳಾದವು. ಈಚೆಗೆ ಅದರ ಗೋಡೆ ಕೆಡವುವಾಗ ನೆಲದಡಿಯಿಂದ ಸುಮಾರು 40 ಮೀಟರ್ ಹಳೆಯ ವಿದ್ಯುತ್ ಕೇಬಲ್ ಹೊರಬಂದಿದೆ. ಮೇಲೆ ಡಾಂಬರು ಮೆತ್ತಿದ ಸೆಣಬು, ಅದರ ಕೆಳಗೆ ತುಕ್ಕು ಹಿಡಿದ ಉಕ್ಕಿನ ಪಟ್ಟಿ, ಅದರೊಳಗೆ ಸುಮಾರು 30 ಮಿ.ಮೀ. ದಪ್ಪದ ಸೀಸದ ಕೊಳವೆ ಇದೆ. ಇಡಿಯಾಗಿ ಕೊಟ್ಟರೆ ಮಿಶ್ರ ಮಾಲಿನ ದರ, ತಾಮ್ರ ಮತ್ತು ಸೀಸವನ್ನು ಬೇರೆ ಮಾಡಿ ಕೊಟ್ಟರೆ ಎರಡಕ್ಕೂ ಬೇರೆ ಬೇರೆ ದರ ಎಂದು ಗುಜರಿಯವರು ಹೇಳುತ್ತಾರೆ. ಅಡಿಕೆ ಸುಲಿದು ರೂಢಿಯಾದ ಕೈಗೆ ಇದೇನು ಮಹಾ ಎನ್ನಿಸುತ್ತದೆ. ಬೆಂಕಿಗೆ ಹಾಕಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ ಎಂಬುದು ಕೆಲಸದವರ ಸಲಹೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ತಂತಿ ಕೆಲಸದವ:

ಬೆಂಕಿಯ ಮಾತನ್ನು ಮೊದಲು ಕೈಬಿಡಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಸೌದೆಯ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ಕರಗಿದ ಸೀಸ ಬೂದಿಗೆ ಇಳಿದು ಅರ್ಧ ಕಿಟ್ಟವಾಗುತ್ತದೆ, ಉಳಿದ ತಾಮ್ರವೂ ಕಪ್ಪಾಗಿ ದರ ಕಡಿಮೆಯಾಗುತ್ತದೆ, ಹೊಗೆಯಲ್ಲಿ ಹೋಗುವ ಸೀಸವನ್ನು ಸುತ್ತ ನಿಂತವರು ಉಸಿರಾಡುತ್ತಾರೆ.

ಇನ್ನು, ಒಳಗಿರುವುದು ತಾಮ್ರವೇ ಎಂದು ಯಾರು ಹೇಳಿದರು? ನಮ್ಮ ದೇಶದ ಇಂತಹ ಎಷ್ಟೋ ಕೇಬಲ್ಲುಗಳಲ್ಲಿ ಇರುವುದು ಅಲ್ಯೂಮಿನಿಯಂ. ಇನ್ನೊಂದು ತುದಿ ಯಾವ ಕಂಬಕ್ಕೂ ತಗುಲಿಲ್ಲ ಎಂದು ಹೆಸ್ಕಾಂನವರಿಂದ ಖಚಿತಪಡಿಸಿಕೊಂಡ ಬಳಿಕ, ಒಂದು ಗೇಣು ತುಂಡನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದು ನೋಡಿ. ಲೆಕ್ಕ ಹೀಗಿದೆ: ಹೊರವ್ಯಾಸ 30 ಮಿ.ಮೀ., ಗೋಡೆ 2 ಮಿ.ಮೀ. ಇರುವ ಸೀಸದ ಕೊಳವೆ ಮೀಟರಿಗೆ ಸುಮಾರು 2 ಕಿಲೋ ತೂಗುತ್ತದೆ. ಒಳಗೆ 50 ಚದರ ಮಿ.ಮೀ.ಯ ಮೂರು ಎಳೆಗಳಿದ್ದರೆ, ತಾಮ್ರವಾದಲ್ಲಿ ಮೀಟರಿಗೆ 1.3 ಕಿಲೋ, ಅಲ್ಯೂಮಿನಿಯಂ ಆದಲ್ಲಿ ಬರೀ 400 ಗ್ರಾಂ. ಸುಲಿಯುವ ಶ್ರಮ ದಕ್ಕುತ್ತದೆಯೇ ಎಂಬುದು ಇದರ ಮೇಲೆ ನಿಂತಿದೆ.

ಸುಲಿಯುವುದೇ ಆದರೆ ಮೀಟರ್ ಉದ್ದದ ತುಂಡುಗಳಾಗಿ ಕೈಗರಗಸದಲ್ಲೇ ಕತ್ತರಿಸಿ. ಗ್ರೈಂಡರ್ ಹಚ್ಚಿದರೆ ಸೀಸದ ಧೂಳು ಏಳುತ್ತದೆ. ಡಾಂಬರು ಬಿಸಿಲಿಗೆ ಅಂಟುವುದರಿಂದ ಬೆಳಗಿನ ತಂಪಿನಲ್ಲಿ ಸೆಣಬು ಮತ್ತು ಉಕ್ಕಿನ ಪಟ್ಟಿಯನ್ನು ಬಿಚ್ಚಬೇಕು. ಸೀಸ ಮೆದು, ಕೊಕ್ಕೆಯ ಅಲಗಿನ ಚಾಕುವಿನಿಂದ ಉದ್ದಕ್ಕೆ ಒಂದು ಬೆರಳಿನ ಅಂತರದಲ್ಲಿ ಎರಡು ಗೀರು ಎಳೆದು ನಡುವಿನ ಪಟ್ಟಿಯನ್ನು ಎತ್ತಿದರೆ ಉಳಿದದ್ದು ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಮಾತ್ರ ಬೇಡ. ತಾಡಪಾಲು ಹಾಸಿ ಮಾಡಿ, ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಳೆಗೆ ತೊಳೆದು ಬಾವಿಯ ಕಡೆ ಹೋಗಬಾರದು. ಒಳಗಿನ ಎಳೆಗಳಿಗೆ ಸುತ್ತಿದ ಎಣ್ಣೆ ಕುಡಿದ ಕಾಗದವನ್ನು ಬಚ್ಚಲ ಒಲೆಗೆ ತುರುಕುವ ನಮ್ಮೂರ ಅಭ್ಯಾಸ ಇಲ್ಲಿ ನಡೆಯದು. ಕೈಗವಸು ಬೇಕು, ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಸೀಸ ಚರ್ಮದಿಂದ ಒಳಗೆ ಹೋಗುವುದು ಕಡಿಮೆ, ಬಾಯಿಂದ ಹೋಗುವುದೇ ಹೆಚ್ಚು. ಆದ್ದರಿಂದ ಸಾಬೂನಿನಿಂದ ಕೈ ತೊಳೆಯುವ ತನಕ ಎಲೆಯಡಿಕೆಯ ಕವಳ ಹಾಕುವಂತಿಲ್ಲ. ನಮ್ಮ ಕಡೆಯವರಿಗೆ ಕಷ್ಟದ ನಿಯಮ ಇದೊಂದೇ.

ಬೈತಖೋಲದ ಬಲೆಗಾರ:

ಕಾರವಾರದಲ್ಲಿ ಬೀಸುಬಲೆಯ ಅಂಚಿಗೆ ಸೀಸದ ಮಣಿ ಕಟ್ಟುತ್ತೇವೆ. ಆದ್ದರಿಂದ ಮೀನುಗಾರರಿಗೇ ಮಾರಬಹುದಲ್ಲ ಎಂಬ ಯೋಚನೆ ನಿಮಗೂ ಬಂದೀತು. ಚಿಕ್ಕವನಿದ್ದಾಗ ನಮ್ಮ ತಂದೆ ಅಡುಗೆಯ ಒಲೆಯ ಮೇಲೆಯೇ ಸೀಸ ಕರಗಿಸುತ್ತಿದ್ದರು. ಒಮ್ಮೆ ಕರಗಿದ ಸೀಸಕ್ಕೆ ಒದ್ದೆ ತುಂಡೊಂದನ್ನು ಹಾಕಿದಾಗ ನೀರು ಕ್ಷಣದಲ್ಲಿ ಹಬೆಯಾಗಿ ಸೀಸ ಸಿಡಿದು ಅವರ ಮುಂಗೈ ಸುಟ್ಟಿತು. ಆ ಕಲೆ ಕೊನೆಯವರೆಗೂ ಇತ್ತು. ಮಣ್ಣಿನಡಿಯಿಂದ ಬಂದ ನಿಮ್ಮ ಕೇಬಲ್ಲಿನ ಮಡಿಕೆಗಳಲ್ಲಿ ನೀರು ಇದ್ದೇ ಇರುತ್ತದೆ. ಮನೆಯಲ್ಲಿ ಕರಗಿಸುವವರಿಗೆ ಕೊಡಬೇಡಿ.

ಘಟ್ಟದ ಕೆಳಗಿನವ:

ಗಿರಣಿ ಮಾವನವರದೆಂಬುದಕ್ಕೆ ಕಾಗದಪತ್ರ ಜೊತೆಗಿರಲಿ. ಕೇಬಲ್ ಕಳ್ಳತನ ನಡೆಯುವ ಕಾಲದಲ್ಲಿ ಸುಲಿದ ತಂತಿಯನ್ನು ಕಂಡರೆ ಪೊಲೀಸರು ಕೇಳಿಯೇ ಕೇಳುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸೀಸದ ಗುಜರಿಯನ್ನು ಕರಗಿಸಿ ಮರುಬಳಕೆ ಮಾಡುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದಿರಬೇಕು. ನಿಮ್ಮ ಗುಜರಿಯವರು ಮಾಲನ್ನು ಮುಂದೆ ಯಾರಿಗೆ ಕಳಿಸುತ್ತಾರೆ ಎಂದು ಕೇಳಿದರೆ ತಪ್ಪಿಲ್ಲ.

ಶಿರಸಿ ತೋಟಿಗ:

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಒಂದು ಗೇಣು ಕೊಯ್ದು ನೋಡಿದೆ; ಒಳಗಿನ ಎಳೆಗಳು ಬೆಳ್ಳಗಿವೆ. ಉಕ್ಕಿನ ಪಟ್ಟಿಯನ್ನಷ್ಟೇ ಬಿಚ್ಚಿ, ಸೀಸವನ್ನು ಮುಟ್ಟದೆ, ಉಳಿದದ್ದನ್ನು ಇಡಿಯಾಗಿ ಅನುಮತಿ ಪತ್ರ ತೋರಿಸುವವರಿಗೆ ತೂಗಿಕೊಡಲು ನಿಶ್ಚಯಿಸಿದ್ದೇನೆ. ತಾಮ್ರದ ದುಡ್ಡಿನಲ್ಲಿ ಹೊಸ ಪಂಪ್‌ಸೆಟ್ ಎಂದು ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದೆ, ಅದೊಂದು ಫಜೀತಿ.