ಎಚ್‌ಎಸ್-ಸಿಆರ್‌ಪಿ 4.2 ಬಂದಿದೆ, ಹೃದಯಕ್ಕೆ ಅಪಾಯವೇ? ತಿಳಿದವರು ಹೇಳಿ

ಪ್ರಶ್ನೆ: ಗಂಡಸು, ವಯಸ್ಸು 46. ಹೆಲ್ತ್ ಪ್ಯಾಕೇಜಿನಲ್ಲಿ ಎಚ್‌ಎಸ್-ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 4.2, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 118. ಬಿಪಿ, ಶುಗರ್ ಸರಿಯಿದೆ. ಅಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ರಕ್ತ ಕೊಡುವ ನಾಲ್ಕು ದಿನ ಮುಂಚೆ ಜ್ವರವಿತ್ತು. ಮುಂದೇನು?

ಉತ್ತರ: ಜ್ವರದ ಬೆನ್ನಿಗೇ ಕೊಟ್ಟ ರಕ್ತ ಅಂದಮೇಲೆ ಆ 4.2ನ್ನು ಹೃದಯದ ಲೆಕ್ಕಕ್ಕೆ ಹಿಡಿಯಬೇಡಿ. ಸಿಆರ್‌ಪಿ ಒಂದು ಪ್ರೋಟೀನ್, ತಯಾರಾಗುವುದು ಲಿವರಿನಲ್ಲಿ. ವಸಡಿನ ಕೀವು, ಮೂತ್ರದ ಸೋಂಕು, ಚಿಕೂನ್‌ಗುನ್ಯಾ ನಂತರದ ಕೀಲುನೋವು, ಎಲ್ಲಿ ಉರಿಯೂತ ಇದ್ದರೂ ಅದು ಏರುತ್ತದೆ. ಪೂರ್ತಿ ಹುಷಾರಾಗಿ ಎರಡು ಮೂರು ವಾರ ಕಳೆದ ಮೇಲೆ ಒಮ್ಮೆ, ಅದಾಗಿ ಎರಡು ವಾರಕ್ಕೆ ಇನ್ನೊಮ್ಮೆ ಮಾಡಿಸಿ, ಸರಾಸರಿ ತೆಗೆಯಿರಿ. ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ದಿನ ಮೈಮುರಿಯುವ ವ್ಯಾಯಾಮ ಬೇಡ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. 10 ದಾಟಿದರೆ ಮೊದಲು ಸೋಂಕು ಹುಡುಕಬೇಕು.

ಉತ್ತರ: ಯೂನಿಟ್ ನೋಡಿಕೊಳ್ಳಿ. ಡೆಸಿಲೀಟರಿಗೆ 0.42 ಅಂದರೂ ಲೀಟರಿಗೆ 4.2 ಅಂದರೂ ಒಂದೇ. ಸಾದಾ ಸಿಆರ್‌ಪಿ ಮಾಡಿಸಿ ‘5ಕ್ಕಿಂತ ಕಡಿಮೆ’ ಅಂತ ಬಂದರೆ ಈ ವಿಷಯಕ್ಕೆ ಅದು ನಿರುಪಯೋಗಿ. ‘ಎಚ್‌ಎಸ್’ (ಹೈ ಸೆನ್ಸಿಟಿವಿಟಿ, ಸಣ್ಣ ಪ್ರಮಾಣವನ್ನೂ ಅಳೆಯುವಂಥದ್ದು) ಅಂತಲೇ ಬರೆಸಿ. ಉರಿಯೂತಕ್ಕೆ ಮಾಡಿಸುವ ಇನ್ನೊಂದು ರಕ್ತಪರೀಕ್ಷೆ ಇಎಸ್‌ಆರ್‌ ಅಂತೂ ರಕ್ತಹೀನತೆಗೂ ಏರುತ್ತದೆ, ವಯಸ್ಸಾದ ಹಾಗೂ ಏರುತ್ತದೆ. ಅದನ್ನು ನಂಬಿ ಹೃದಯದ ಭವಿಷ್ಯ ಹೇಳಲಾಗದು.

ಉತ್ತರ: ನನ್ನ ಕೇಳಿದರೆ ಇಲ್ಲಿ ಸಿಆರ್‌ಪಿಗಿಂತ ದೊಡ್ಡ ವಿಷಯ ನಿಮ್ಮ ತಂದೆಯದ್ದು. ತಂದೆಗೆ 55ರೊಳಗೆ ಅಟ್ಯಾಕ್ ಆಗಿದ್ದರೆ ಅದೇ ಸ್ವತಂತ್ರ ಅಪಾಯಸೂಚನೆ. ಲಿಪೊಪ್ರೋಟೀನ್(ಎ), ಅಂದರೆ ವಂಶದಿಂದ ಬರುವ ಕೊಲೆಸ್ಟ್ರಾಲ್ ಕಣದ ಪರೀಕ್ಷೆ, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ಡೆಸಿಲೀಟರಿಗೆ 50 ಮಿಲಿಗ್ರಾಂ ಮುಟ್ಟಿದರೆ ಹೆಚ್ಚು ಅಂತ ಲೆಕ್ಕ. ಜೊತೆಗೆ ಅಪೋ-ಬಿ (ಕೆಟ್ಟ ಕೊಲೆಸ್ಟ್ರಾಲ್ ಕಣಗಳ ಎಣಿಕೆ ತಿಳಿಸುವ ಪರೀಕ್ಷೆ). ಎರಡು ಸಲವೂ ಸಿಆರ್‌ಪಿ 2ರ ಮೇಲೇ ಬಂದರೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬಗ್ಗೆ ಡಾಕ್ಟರ ಹತ್ತಿರ ಮಾತಾಡಲು ಒಳ್ಳೆಯ ಕಾರಣ. 2008ರ ಜುಪಿಟರ್ ಅಧ್ಯಯನ ನಡೆದದ್ದು ಇಂಥ ಫಲಿತಾಂಶ ಇದ್ದವರ ಮೇಲೆಯೇ: ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು. ರೋಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ 20 ಮಿಲಿಗ್ರಾಂ ಕೊಟ್ಟವರಲ್ಲಿ ಹೃದಯ, ರಕ್ತನಾಳದ ಅನಾಹುತ 44% ಕಡಿಮೆಯಾಯಿತು. ಆಮೇಲೂ ತೀರ್ಮಾನ ತೂಗಾಡುತ್ತಿದ್ದರೆ ಸಿ.ಟಿ. ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಎಷ್ಟು ಕಟ್ಟಿದೆ ಎಂದು ನೋಡುವ ಸ್ಕ್ಯಾನ್) ಮಾಡಿಸಿ.

ಉತ್ತರ: ಸಿಆರ್‌ಪಿ ಇಳಿಸಲೆಂದೇ ಅರಿಶಿನದ ಕ್ಯಾಪ್ಸೂಲ್ ಮಾರುವವರಿದ್ದಾರೆ, ಎಚ್ಚರ. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿಸುವ ಜೀನ್ ಇರುವವರಿಗೆ ಹೃದ್ರೋಗ ಹೆಚ್ಚೇನೂ ಬರುವುದಿಲ್ಲ. ಅಂದರೆ ಅದು ಸೂಚಕ, ಕಾರಣವಲ್ಲ. ಸಂಖ್ಯೆ ಇಳಿದರೆ ರಕ್ತನಾಳ ಸರಿಯಾಯಿತು ಅಂತಲ್ಲ. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ ಉರಿಯೂತವನ್ನೇ ತಡೆಯುವ ಕ್ಯಾನಕಿನುಮ್ಯಾಬ್ ಇಂಜೆಕ್ಷನ್ನಿಂದ ಅಟ್ಯಾಕ್ ಕಡಿಮೆಯಾದದ್ದು ನಿಜ, ಸೋಂಕಿನಿಂದ ಸಾವು ಹೆಚ್ಚಾದದ್ದೂ ನಿಜ.

ಉತ್ತರ: ಹಾಗಾದರೆ ಉರಿಯೂತ ಇಳಿಸುವ ಗೌಟ್ ಮಾತ್ರೆ ಕಾಲ್ಚಿಸಿನ್? 2023ರಲ್ಲಿ ಅಮೆರಿಕದಲ್ಲಿ 0.5 ಮಿಲಿಗ್ರಾಂಗೆ ಹೃದಯಕ್ಕಾಗಿ ಒಪ್ಪಿಗೆ ಸಿಕ್ಕಿದೆಯಲ್ಲ.

ಉತ್ತರ: ಸಿಕ್ಕಿದೆ, ಆದರೆ ರಕ್ತನಾಳದ ಕಾಯಿಲೆ ಇರುವವರಿಗೆ ಅಥವಾ ಹಲವು ಅಪಾಯಾಂಶ ಇರುವವರಿಗೆ. ಕಿಡ್ನಿ ಸೋತಿದ್ದರೆ, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಜೊತೆ ಸೇರಿದರೆ ಅದು ವಿಷವಾಗಬಹುದು. ಕೇಳಿದವರಿಗೆ ಸದ್ಯಕ್ಕೆ ಬೇಡ. ಹೊಟ್ಟೆಯ ಬೊಜ್ಜು, ಸಿಗರೇಟು, ವಸಡು ನೋಡಿಕೊಳ್ಳಲಿ. ಎದೆನೋವು ಬಂದರಂತೂ ಸಿಆರ್‌ಪಿಗೆ ಕಾಯಬೇಡಿ, ಅಲ್ಲಿ ಬೇಕಾದದ್ದು ಇಸಿಜಿ ಮತ್ತು ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ).