ರ‍್ಯಾಮ್ ಜಾಸ್ತಿ ಮಾಡಿದೆ, ಪರದೆ ನಿಧಾನವಾಯಿತು

ಗುತ್ತಲು ರಸ್ತೆ ಡಿಟಿಪಿ:
ಎಲ್ಲರಿಗೂ ನಮಸ್ಕಾರ. ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಊರಹಬ್ಬದ ಫ್ಲೆಕ್ಸ್, ಎಲ್ಲವನ್ನೂ ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಅನ್ನುವ ವಿನ್ಯಾಸದ ತಂತ್ರಾಂಶಗಳಲ್ಲೇ ಮಾಡುತ್ತೇನೆ. ಮೆಷಿನ್ ಹಳೇದು. ಕೋರ್ 2 ಡ್ಯುಯೊ, ಜಿ41 ಬೋರ್ಡು, ಅದರಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್. ಓಡುವುದು ಡೆಬಿಯನ್ 11 ಲಿನಕ್ಸ್, 64 ಬಿಟ್.

2 ಜಿಬಿ ರ‍್ಯಾಮ್ ಇತ್ತು. ದೊಡ್ಡ ಫ್ಲೆಕ್ಸ್ ತೆರೆದರೆ ಸ್ವಾಪ್‌ಗೆ, ಅಂದರೆ ಹಾರ್ಡ್‌ಡಿಸ್ಕಿಗೆ, ಹೋಗುತ್ತಿತ್ತು. ಪ್ಯಾಸೆಂಜರ್ ಗಾಡಿ ಹತ್ತಿ ಮೈಸೂರಿಗೆ ಹೋಗಿ ಇನ್ನೊಂದು 2 ಜಿಬಿ ತಂದು ಹಾಕಿದೆ. ಒಟ್ಟು 4 ಜಿಬಿ. ಅವತ್ತಿನಿಂದ ಶನಿ ಹಿಡಿದಿದೆ. ಫೈಲು ಬೇಗ ತೆರೆಯುತ್ತದೆ, ಅದು ಸರಿ. ಆದರೆ ಕಿಟಕಿ ಎಳೆದರೆ ಹಿಂದೆ ಬಾಲದ ಥರ ಗುರುತು ಉಳಿಯುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಕೆಳಗೆ ಸರಿಸಿದರೆ ಗಣಪತಿ ಚಿತ್ರ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಮೊನ್ನೆ ಗಂಡಿನ ಕಡೆಯವರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. 'ಏನ್ ಸಾ, ನಿಮ್ ಕಂಪ್ಯೂಟರ್ರೂ ಕಬ್ಬಿನ್ ಗಾಡಿ ಆಗೋಯ್ತಾ' ಅಂದರು.

ಹೊಸ ರ‍್ಯಾಮ್ ತೆಗೆದರೆ ಪರದೆ ಮೊದಲಿನಂತೆ ಸರಾಗ. ಹಾಕಿದರೆ ಮತ್ತೆ ಅದೇ ಕಥೆ. ಲಿನಕ್ಸ್ ತನ್ನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಎರಡು ಸಾಲು ಕಂಡವು. ಒಂದರಲ್ಲಿ 'ಎಂಟಿಆರ್‌ಆರ್: ಟೈಪ್ ಮಿಸ್‌ಮ್ಯಾಚ್', ಹಳೇದು ರೈಟ್-ಬ್ಯಾಕ್, ಹೊಸದು ರೈಟ್-ಕಂಬೈನಿಂಗ್ ಅಂತಿದೆ. ಇನ್ನೊಂದರಲ್ಲಿ 'ಪರ್ಫಾರ್ಮೆನ್ಸ್ ಮೇ ಸಫರ್' ಅಂತಿದೆ. ಸಫರ್ ಆಗುತ್ತಿರುವುದು ನಾನು. ಏನಿದು?

ಬೆಸುಗೆ ಕಡ್ಡಿ:
ಎರಡು ರ‍್ಯಾಮಿನ ಸ್ಪೀಡ್ ಬೇರೆ ಬೇರೆ ಇರಬೇಕು, ಇಲ್ಲ ಹೊಸದು ಡಮ್ಮಿ. ವಾಪಸ್ ಕೊಟ್ಟುಬಿಡಿ.

ಗುತ್ತಲು ರಸ್ತೆ ಡಿಟಿಪಿ:
ನನಗೂ ಅದೇ ಅನುಮಾನ ಬಂದಿತ್ತು. ರಾತ್ರಿಯೆಲ್ಲ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ತಪ್ಪಿಲ್ಲ. ಸ್ಪೀಡೂ ಒಂದೇ.

ಕುಕ್ಕರಹಳ್ಳಿ ಏರಿ:
ರ‍್ಯಾಮ್ ವಾಪಸ್ ಕೊಡಬೇಡಿ ಸರ್, ಪಾಪ ಅದರದೇನೂ ತಪ್ಪಿಲ್ಲ. ಟರ್ಮಿನಲ್‌ನಲ್ಲಿ ಪ್ರೊಕ್ ಫೋಲ್ಡರಿನ ಎಂಟಿಆರ್‌ಆರ್ ಅನ್ನುವ ಫೈಲನ್ನು ಕ್ಯಾಟ್ ಮಾಡಿ ಏನು ಬರುತ್ತೆ ಹಾಕಿ. ಹೆಕ್ಸ್ ನಂಬರ್ ಬೇಡ, ಪಕ್ಕದಲ್ಲಿ ಎಂಬಿ ಲೆಕ್ಕ ಇರುತ್ತಲ್ಲ, ಅಷ್ಟು ಸಾಕು.

ಗುತ್ತಲು ರಸ್ತೆ ಡಿಟಿಪಿ:
ನಾಲ್ಕು ಸಾಲು ಬಂತು.
0 ಎಂಬಿಯಿಂದ 4096 ಎಂಬಿ ಉದ್ದ, ರೈಟ್-ಬ್ಯಾಕ್.
4096ರಿಂದ 512 ಉದ್ದ, ರೈಟ್-ಬ್ಯಾಕ್.
3584ರಿಂದ 512 ಉದ್ದ, ಅನ್‌ಕ್ಯಾಶಬಲ್.
3552ರಿಂದ 32 ಉದ್ದ, ಅನ್‌ಕ್ಯಾಶಬಲ್.
ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಇರುವ 4 ಜಿಬಿಗೆ 4608ರ ತನಕ ಲೆಕ್ಕ ಎಲ್ಲಿಂದ ಬಂತು?

ಕುಕ್ಕರಹಳ್ಳಿ ಏರಿ:
ಹಾಂ, ಸಿಕ್ಕಿತು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಗ್ರಾಫಿಕ್ಸ್, ಯುಎಸ್‌ಬಿ ಇಂಥವಕ್ಕೆಲ್ಲ 4 ಜಿಬಿಯ ಕೆಳಗೆ ವಿಳಾಸ ಬೇಕು. ಅದಕ್ಕೆ ನಿಮ್ಮ ಬಯೋಸ್ (ಬೋರ್ಡಿನಲ್ಲೇ ಇದ್ದು ಮೆಷಿನ್ ಶುರು ಮಾಡುವ ತಂತ್ರಾಂಶ) 3584ರಿಂದ 4096ರ ತನಕ ಜಾಗ ಖಾಲಿ ಬಿಟ್ಟಿದೆ. ಅಲ್ಲಿ ಇರಬೇಕಿದ್ದ 512 ಎಂಬಿ ರ‍್ಯಾಮನ್ನು ಎತ್ತಿ 4096ರ ಮೇಲೆ ಕೂರಿಸಿದೆ. ನಿಮ್ಮ 4608ರ ಲೆಕ್ಕ ಅದು. 32 ಎಂಬಿ ತುಂಡು ಗ್ರಾಫಿಕ್ಸ್ ತನಗೆ ಅಂತ ಕಿತ್ತುಕೊಂಡ ರ‍್ಯಾಮು.

ಯಾವ ವಿಳಾಸಕ್ಕೆ ಕ್ಯಾಶ್ (ಪ್ರೊಸೆಸರಿನ ಒಳಗಿರುವ ಚಿಕ್ಕ, ವೇಗದ ಮೆಮೊರಿ) ಹೇಗೆ ಬಳಸಬೇಕು ಅಂತ ಪ್ರೊಸೆಸರಿಗೆ ಹೇಳುವ ರಿಜಿಸ್ಟರುಗಳೇ ಈ ಎಂಟಿಆರ್‌ಆರ್. 1995ರ ಪೆಂಟಿಯಂ ಪ್ರೊ ಕಾಲದಿಂದ ಇವೆ. ನಿಮ್ಮ ಪ್ರೊಸೆಸರಿನಲ್ಲಿ ಬೇಕಾದ ಹಾಗೆ ಹೊಂದಿಸಬಹುದಾದವು ಎಂಟು. ಒಂದೊಂದರ ಅಳತೆಯೂ 256, 512, 1024 ಹೀಗೆ ಎರಡೆರಡು ಪಟ್ಟಿನಲ್ಲೇ ಇರಬೇಕು. 3584 ಅಂತ ಒಂದೇ ಏಟಿಗೆ ಬರೆಯಲಾಗಲ್ಲ. ಬಯೋಸ್ ಬರೆದವರು ಸೋಮಾರಿಗಳು. ಇಡೀ 4096ಕ್ಕೆ ರೈಟ್-ಬ್ಯಾಕ್ (ಬರೆದದ್ದನ್ನು ಕ್ಯಾಶಿನಲ್ಲಿಟ್ಟು ಆಮೇಲೆ ಕಳಿಸುವ ರೀತಿ) ಬಳಿದು, ಮೇಲೆ ಅನ್‌ಕ್ಯಾಶಬಲ್ (ಕ್ಯಾಶ್ ಬಳಸಲೇಬೇಡ ಅನ್ನುವ) ತೇಪೆ ಹಾಕಿದ್ದಾರೆ. ರ‍್ಯಾಮಿಗೆ ಅದರಿಂದ ತೊಂದರೆ ಇಲ್ಲ.

ತೊಂದರೆ ಗ್ರಾಫಿಕ್ಸಿಗೆ. ಲಿನಕ್ಸ್ ಆ 3584ರಿಂದ 256 ಎಂಬಿಯನ್ನು ರೈಟ್-ಕಂಬೈನಿಂಗ್ ಮಾಡಲು ಹೊರಟಿತು. ಅಲ್ಲಿ ಆಗಲೇ ರೈಟ್-ಬ್ಯಾಕ್ ಬಳಿದಿದೆ. ಹೊಂದಲ್ಲ ಅಂತ ಕೈಬಿಟ್ಟಿತು. ಉಳಿದದ್ದು ಅನ್‌ಕ್ಯಾಶಬಲ್. ಅಂದರೆ ಒಂದು ಜಲ್ಲೆ ಕಡಿದ ತಕ್ಷಣ ಅದೊಂದನ್ನೇ ಹೊತ್ತು ಆಲೆಮನೆಗೆ ಓಡುವುದು, ಮತ್ತೆ ಗದ್ದೆಗೆ ಬಂದು ಇನ್ನೊಂದು ಕಡಿಯುವುದು. ರೈಟ್-ಕಂಬೈನಿಂಗ್ ಇದ್ದರೆ 64 ಬೈಟಿನ ಹೊರೆ ಕಟ್ಟಿ ಒಟ್ಟಿಗೆ ಸಾಗಿಸುತ್ತದೆ. ಗಂಡಿನ ಕಡೆಯವರು ಸುಮ್ನೆ ಹೇಳಿಲ್ಲ ನೋಡಿ, ಕಬ್ಬಿನ ಗಾಡಿಯೂ ನಿಮಗೆ ಇರಲಿಲ್ಲ, ತಲೆಹೊರೆಯೂ ಇರಲಿಲ್ಲ.

2 ಜಿಬಿ ಇದ್ದಾಗ ರೈಟ್-ಬ್ಯಾಕ್ 2048ಕ್ಕೇ ನಿಲ್ಲುತ್ತಿತ್ತು. 3584ರ ಹತ್ತಿರ ಯಾರೂ ಇರಲಿಲ್ಲ. ಅದಕ್ಕೇ ಆಗ ಸರಾಗ.

ಮದ್ದು: ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ 'ಎನೇಬಲ್ ಎಂಟಿಆರ್‌ಆರ್ ಕ್ಲೀನಪ್' ಸೇರಿಸಿ ಎಫ್10 ಒತ್ತಿ. ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್. ಇದು ಒಂದು ಬೂಟಿಗೆ ಮಾತ್ರ. ಕೆಟ್ಟರೆ ರೀಸ್ಟಾರ್ಟ್ ಮಾಡಿ, ಮೊದಲಿನಂತೆ ಆಗುತ್ತೆ.

ಗುತ್ತಲು ರಸ್ತೆ ಡಿಟಿಪಿ:
ಗುರುಗಳೇ, ಬೆಣ್ಣೆ! ಬಾಲ ಮಾಯ. ಪ್ರೊಕ್ ಫೈಲಿನಲ್ಲಿ ಈಗ ಆರು ಸಾಲು. 0ಯಿಂದ 2048, 2048ರಿಂದ 1024, 3072ರಿಂದ 512, 4096ರಿಂದ 512, ನಾಲ್ಕೂ ರೈಟ್-ಬ್ಯಾಕ್. 3552ರ ಮೇಲೆ ಆ 32ರ ತೇಪೆ ಹಾಗೇ ಇದೆ. ಕೊನೆಗೆ 3584ರಿಂದ 256, ರೈಟ್-ಕಂಬೈನಿಂಗ್. ಗ್ರಬ್ ಫೈಲಿಗೆ ಖಾಯಂ ಹಾಕಿಬಿಡಲಾ?

ಹಳೇ ಪೆಂಟಿಯಂ:
ಒಂದು ನಿಮಿಷ ತಡೀರಿ. ಏರಿಯವರು ಹೇಳಿದ್ದೆಲ್ಲ ಸರಿ. ಆದರೆ ಡೆಬಿಯನ್ 11ರಲ್ಲಿ ಈ ಜಗಳ ಬರಲೇಬಾರದು. ಪೆಂಟಿಯಂ 3ರಿಂದಲೇ ಪ್ಯಾಟ್ ಅಂತ ಇನ್ನೊಂದು ಏರ್ಪಾಡಿದೆ. ರಿಜಿಸ್ಟರಿನ ಹಂಗಿಲ್ಲದೆ, ಮೆಮೊರಿಯ ಒಂದೊಂದು ಪುಟಕ್ಕೂ (ಚಿಕ್ಕ ತುಂಡಿಗೂ) ಬೇರೆ ಬೇರೆ ಕ್ಯಾಶ್ ರೀತಿ ಹೇಳಬಹುದು. ಈಗಿನ ಡ್ರೈವರುಗಳೆಲ್ಲ ಅದನ್ನೇ ನೆಚ್ಚಿಕೊಂಡಿವೆ. ಪ್ಯಾಟ್ ಚಾಲೂ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹೊಸ ಎಂಟಿಆರ್‌ಆರ್ ಕೇಳುವುದೇ ಇಲ್ಲ. ನಿಮ್ಮದು ಕೇಳಿದೆ ಅಂದರೆ ಪ್ಯಾಟ್ ಬಂದ್ ಆಗಿದೆ. ಅದೇ ಗ್ರಬ್ ಸಾಲಿನಲ್ಲಿ 'ನೋಪ್ಯಾಟ್' ಅಂತ ಏನಾದರೂ ಇದೆಯಾ ನೋಡಿ.

ಗುತ್ತಲು ರಸ್ತೆ ಡಿಟಿಪಿ:
ಇದೆ.

ನಾನೇ ಹಾಕಿದ್ದು. ಇದಕ್ಕೂ ಹಿಂದಿನ ಡೆಬಿಯನ್ ಇದ್ದಾಗ ಬೂಟ್ ಆಗುವಾಗ ಪರದೆ ಮಿಣುಕುತ್ತಿತ್ತು. ಎಲ್ಲೋ ಓದಿದ್ದನ್ನೆಲ್ಲ ಒಂದೊಂದಾಗಿ ತುರುಕಿದ್ದೆ. ಕೊನೆಗೆ ನೋಡಿದರೆ ಮಾನಿಟರ್ ಕೇಬಲ್ ಸಡಿಲ ಇತ್ತು. ಕೇಬಲ್ ಬಿಗಿ ಮಾಡಿದೆ, ತುರುಕಿದ್ದು ಅಲ್ಲೇ ಉಳಿಯಿತು. ಅಪ್‌ಗ್ರೇಡ್ ಮಾಡಿದರೂ ಆ ಸಾಲು ಜತೆಗೇ ಬಂದಿದೆ.

ಕುಕ್ಕರಹಳ್ಳಿ ಏರಿ:
ಅಯ್ಯೋ! ಬೂಟ್ ಸಾಲು ಕೇಳಬೇಕಿತ್ತು, ನಾನೇ ಕೇಳಲಿಲ್ಲ. ಪೆಂಟಿಯಂ ಅಣ್ಣ ಹೇಳಿದ್ದೇ ಸರಿಯಾದ ದಾರಿ. ಕ್ಲೀನಪ್ಪೂ ತೆಗೆಯಿರಿ, ನೋಪ್ಯಾಟೂ ತೆಗೆಯಿರಿ.

ಗುತ್ತಲು ರಸ್ತೆ ಡಿಟಿಪಿ:
ಕ್ಲೀನಪ್ ಗ್ರಬ್ ಫೈಲಿಗೆ ಇನ್ನೂ ಹಾಕಿರಲಿಲ್ಲ, ಬಚಾವ್. ನೋಪ್ಯಾಟ್ ಅಳಿಸಿ ಅಪ್‌ಡೇಟ್-ಗ್ರಬ್ ಓಡಿಸಿ ರೀಸ್ಟಾರ್ಟ್ ಮಾಡಿದೆ. ಡಿಮೆಸೇಜ್‌ನಲ್ಲಿ ಆ ಎರಡು ಸಾಲು ಇಲ್ಲ. ತಮಾಷೆ ಅಂದರೆ ಪ್ರೊಕ್ ಫೈಲಿನಲ್ಲಿ ಬಯೋಸಿನ ಹಳೇ ನಾಲ್ಕು ಸಾಲು ಹಾಗೇ ಇವೆ, ತೇಪೆ ಸಮೇತ. ಆದರೂ ಗಣಪತಿ ಒಂದೇ ಸಲಕ್ಕೆ ಇಳಿಯುತ್ತಾನೆ.

ಅದೇ ಗ್ರಬ್ ಸಾಲಿನಲ್ಲಿ ನಾನು ತುರುಕಿದ ಇನ್ನೂ ಎರಡು ಐಟಂ ಇವೆ. ಒಂದು 'ನೋಎಪಿಕ್', ಇನ್ನೊಂದು 'ಪಿಸಿಐ ಈಕ್ವಲ್ಸ್ ನೋಎಂಎಸ್‌ಐ'. ಇವನ್ನೂ ಅಳಿಸಬಹುದಾ?

ಹಳೇ ಪೆಂಟಿಯಂ:
ಒಟ್ಟಿಗೆ ಅಳಿಸಬೇಡಿ. ಒಂದು ತೆಗೆಯಿರಿ, ಒಂದು ದಿನ ಕೆಲಸ ಮಾಡಿ, ಆಮೇಲೆ ಇನ್ನೊಂದು. ಗ್ರಬ್ ಮೆನುವಿನಲ್ಲಿ ಇ ಒತ್ತಿಯೇ ಪರೀಕ್ಷೆ ಮಾಡಿ, ಫೈಲಿಗೆ ಕೊನೆಯಲ್ಲಿ ಕೈ ಹಾಕಿ.

ಗುತ್ತಲು ರಸ್ತೆ ಡಿಟಿಪಿ:
ಆಯ್ತು. ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ಮಾಡುತ್ತೇನೆ. ಈಗ 300 ಲಗ್ನಪತ್ರಿಕೆ ಪ್ರೂಫ್ ನೋಡಬೇಕು, ಮುಹೂರ್ತದ ಟೈಮೇ ತಪ್ಪು ಹೊಡೆದಿದ್ದೇನೆ.