ಪದ ಬೇಕು: ‘ಎಪಿಫೈಟ್’ (ಫಲಕಕ್ಕೆ, ಸೋಮವಾರದೊಳಗೆ)

ಸಿದ್ದಾಪುರದಿಂದ:
ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳಿರುವ ಕಾಡಿನ ಜೌಗು) ಅಂಚಿಗೆ ಫಲಕ ಬರೆಸಬೇಕಿದೆ. ಎರಡೂವರೆ ಅಡಿ ಅಗಲ, ಮೂರೇ ಸಾಲು. ಇಂಗ್ಲಿಷ್ ಕರಡಿನಲ್ಲಿ ‘ಎಪಿಫೈಟಿಕ್ ಆರ್ಕಿಡ್’, ‘ಟೆರೆಸ್ಟ್ರಿಯಲ್ ಆರ್ಕಿಡ್’, ‘ಸ್ವಾಂಪ್’ ಇವೆ. ಅನುವಾದಕರು ‘ಪರಾವಲಂಬಿ ಆರ್ಕಿಡ್’, ‘ಭೂಚರ ಆರ್ಕಿಡ್’, ‘ಜೌಗು ಪ್ರದೇಶ’ ಎಂದು ಕಳಿಸಿದ್ದಾರೆ. ಎಪಿಫೈಟ್ ಅಂದರೆ ಮರದ ಮೇಲೆ ಬೆಳೆದರೂ ಮರವನ್ನು ಉಣ್ಣದ ಗಿಡ, ಹಾಗಾಗಿ ಮೊದಲನೆಯದು ತಪ್ಪು. ಎರಡನೆಯದು ನೆಲದಲ್ಲಿ ಬೇರೂರುವ ಬದಲು ಓಡಾಡುತ್ತದೆ. ಪೇಂಟರು ಸೋಮವಾರ ಬರುತ್ತಾರೆ.

ಮೈಸೂರಿನಿಂದ:
ಅಧಿಸಸ್ಯ. ‘ಎಪಿ’ಗೆ ಅಧಿ, ‘ಫೈಟ್’ಗೆ ಸಸ್ಯ. ಚರ್ಚೆಗೇನಿದೆ?

ಮೂಡಿಗೆರೆಯಿಂದ:
ಇದೆ ಸಾರ್. ಫಲಕ ಓದಬೇಕಾದವರ ಕೈಯಲ್ಲಿ ಕತ್ತಿ ಇರುತ್ತದೆ. ಮರಗಸಿ (ತೋಟದ ನೆರಳುಮರಗಳ ಕೊಂಬೆ ಸವರುವ) ಹೊತ್ತಿನಲ್ಲಿ ಕೊಂಬೆ ಮೇಲೆ ಕಂಡ ಹಸಿರನ್ನೆಲ್ಲ ಬಂದಳಿಕೆ ಅಂತ ಕೆರೆದು ಬೀಳಿಸುವುದು ರೂಢಿ. ಬಂದಳಿಕೆ ತೊಗಟೆಯೊಳಕ್ಕೆ ಬೇರಿಳಿಸಿ ಮರದ ರಸ ಹೀರುತ್ತದೆ, ಹೊಕ್ಕ ಕಡೆ ಕೊಂಬೆ ಗಂಟುಗಟ್ಟುತ್ತದೆ. ಸೀತಾಳೆ ದಂಡೆ ಎಂಬ ಮರದ ಆರ್ಕಿಡ್ಡಿನ ಬೇರು ತೊಗಟೆಯ ಮೇಲೇ ಹರಿಯುತ್ತದೆ. ಒಣಗಿದ್ದಾಗ ಬೂದಿಬಿಳುಪು, ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರು. ಬೇರಿನ ಸ್ಪಂಜಿನಂಥ ಹೊದಿಕೆ ಮಳೆನೀರು ಕುಡಿಯುತ್ತದೆ, ಮರದ್ದಲ್ಲ. ‘ಅಧಿಸಸ್ಯ’ ಓದಿ ಕತ್ತಿ ನಿಲ್ಲುವುದಿಲ್ಲ. ‘ಮರಸೀತಾಳೆ’, ‘ನೆಲಸೀತಾಳೆ’ ಬರೆಯಿಸಿ.

ಮೈಸೂರಿನಿಂದ:
ಸೀತಾಳೆ ಒಂದು ಪ್ರಭೇದ, ರಿಂಕೋಸ್ಟೈಲಿಸ್ ರೆಟ್ಯೂಸಾ. ಇಡೀ ಕುಟುಂಬಕ್ಕೆ ಅದನ್ನೇ ಹಚ್ಚಿದರೆ ಶಾಸ್ತ್ರ ಕೆಡುತ್ತದೆ. ಇನ್ನು ಬಂದಳಿಕೆ: ಸಂಸ್ಕೃತದಲ್ಲಿ ಮರದ ಮೇಲಿನ ಇಂಥ ಗಿಡಕ್ಕೆ ‘ವಂದಾ’ ಎನ್ನುತ್ತಾರೆ. ವಾಂಡಾ ಎಂಬ ಆರ್ಕಿಡ್ ಕುಲದ ಹೆಸರು ಹುಟ್ಟಿದ್ದು ಅದರಿಂದಲೇ. ನನ್ನ ಪ್ರಕಾರ ಬಂದಳಿಕೆಯೂ ಅಲ್ಲಿಂದಲೇ.

ಬೆಂಗಳೂರಿನಿಂದ:
ಎಲ್ಲವೂ ಸಂಸ್ಕ್ರುತದಿಂದ! ‘ವಂದಾ’ ನಮ್ಮಿಂದಲೇ ಅತ್ತ ಹೋಗಿರಬಾರದೇಕೆ? ‘ಅಪ್ಪುಗಿಡ’ ಎನ್ನಿ. ಮರವನ್ನು ಅಪ್ಪಿದ ಗಿಡ, ಅರ‍್ತ ಕೇಳಬೇಕಿಲ್ಲ.

ಮೈಸೂರಿನಿಂದ:
ಬಳ್ಳಿಯೂ ಅಪ್ಪುತ್ತದೆ. ಮಹಾಪ್ರಾಣ ಬರೆಯಲು ಒಪ್ಪಿದ ದಿನ ಮುಂದಿನ ಮಾತು.

ಶಿರಸಿಯಿಂದ:
ಜಗಳ ಆಮೇಲೆ. ‘ಜಡ್ಡಿ’ಯನ್ನು ಬಿಡಬೇಡಿ. ಜೌಗು ಅಂದರೆ ಯಾವ ಕೆಸರೂ ಆದೀತು. ನಾಗರಹೊಳೆ ಕಡೆಯ ಹಡ್ಲು ಬಿಸಿಲು ಬೀಳುವ ಹುಲ್ಲಿನ ತೇವಭೂಮಿ, ಅದೇ ಬೇರೆ. ಜಡ್ಡಿಗೆ ಮೇಲೆ ಕಾನಿನ ನೆರಳು, ಕೆಳಗೆ ಆರದ ನೀರು, ಕೆಸರಿನಿಂದ ಮೊಣಕಾಲಿನ ಹಾಗೆ ಎದ್ದ ರಾಮಪತ್ರೆ ಬೇರು.

‘ನೆಲಸೀತಾಳೆ’ಗೆ ಒಂದು ತೊಡಕಿದೆ. ಗಾಳಿಗೆ ಕೊಂಬೆ ಸಮೇತ ಬಿದ್ದದ್ದನ್ನೂ ಜನ ನೆಲದ್ದೆಂದು ತಿಳಿದು ಮಣ್ಣಿಗೆ ನೆಡುತ್ತಾರೆ. ಎರಡು ನೆನೆತದ ನಡುವೆ ಆರದಿದ್ದರೆ ಆ ಬೇರು ಕೊಳೆಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಹಲಸು, ಮಾವಿನಂಥ ಒರಟು ತೊಗಟೆಗೆ ಬಾಳೆನಾರಿನಿಂದ ಕಟ್ಟಬೇಕು. ಬೇರು ಹಿಡಿಯುವಷ್ಟರಲ್ಲಿ ನಾರು ತಾನೇ ಕಳಚುತ್ತದೆ, ನೈಲಾನ್ ದಾರವಾದರೆ ಬೇರನ್ನೇ ಕೊಯ್ಯುತ್ತದೆ. ನಂದಿ, ಪೇರಲೆ ಬೇಡ, ಸಿಪ್ಪೆ ಉದುರಿದಾಗ ಗಿಡವೂ ಉದುರುತ್ತದೆ.

ನೆಲದವುಗಳಿಗೆ ಬೇಕಾದದ್ದು ದರಕು, ಅಂದರೆ ಉದುರಿದ ಒಣ ಎಲೆ. ಅವುಗಳ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯಿಲ್ಲ. ದರಕಿನ ಶಿಲೀಂಧ್ರ ಉಣಿಸಿದರೇ ಮೊಳಕೆ. ಕೊಟ್ಟಿಗೆಗೆಂದು ಬೆಟ್ಟ ಗುಡಿಸಿ ಬರಿದು ಮಾಡಿದರೆ ಆ ಉಣಿಸೇ ಹೋಯಿತು. ಎಪಿಪೋಜಿಯಂ ಎಂಬ ನೆಲದ ಆರ್ಕಿಡ್ಡಿಗಂತೂ ಎಲೆಯೇ ಇಲ್ಲ, ಬಾಳೆಲ್ಲ ಶಿಲೀಂಧ್ರದ ಅನ್ನ. ಅದನ್ನು ‘ಕೊಳೆತಿನಿ’ ಎನ್ನುವುದೂ ತಪ್ಪು, ಕೊಳೆತದ್ದನ್ನು ತಿನ್ನುವುದು ಶಿಲೀಂಧ್ರ.

ಬೆಂಗಳೂರಿನಿಂದ:
ಶಿಲೀಂದ್ರ ಯಾಕೆ, ಬೂಸ್ಟು ಸಾಲದೇ?

ಶಿರಸಿಯಿಂದ:
ಉಪ್ಪಿನಕಾಯಿಗೆ ಸಾಕು.

ಮೈಸೂರಿನಿಂದ:
ಪೇಂಟರು, ನೈಲಾನ್ ಎಲ್ಲ ಬರಬಹುದು, ‘ಆರ್ಕಿಡ್’ ಬಂದರೆ ಮಾತ್ರ ಮೈಲಿಗೆಯೇ?

ಮೂಡಿಗೆರೆಯಿಂದ:
ಬರಲಿ. ಆದರೆ ಗ್ರೀಕಿನಲ್ಲಿ ಅದರ ಅರ್ಥ ವೃಷಣ. ಅಲ್ಲಿನ ನೆಲದ ಜಾತಿಗಳ ಜೋಡಿಗೆಡ್ಡೆ ನೋಡಿ ಇಟ್ಟ ಹೆಸರು. ಮರದ ಮೇಲಿನ ಸೀತಾಳೆಗೆ ಆ ಗೆಡ್ಡೆಯೇ ಇಲ್ಲ. ಶಾಸ್ತ್ರ ಕೆಡುವುದಾದರೆ ಅಲ್ಲೇ ಕೆಟ್ಟಾಗಿದೆ.

ಸಿದ್ದಾಪುರದಿಂದ:
ಪೇಂಟರಿಗೆ ಕೊಡುವುದು ಇಷ್ಟು:

ರಾಮಪತ್ರೆ ಜಡ್ಡಿ. ಬೇರು ತುಳಿಯಬೇಡಿ, ದರಕು ಗುಡಿಸಬೇಡಿ.
ಮರದ ಮೇಲಿರುವುದು ಮರಸೀತಾಳೆ, ಬಂದಳಿಕೆಯಲ್ಲ. ಕೀಳಬೇಡಿ.
ಬಿದ್ದಿದ್ದರೆ ಮಣ್ಣಿಗೆ ನೆಡಬೇಡಿ, ಮರಕ್ಕೆ ಕಟ್ಟಿ.

ಮೈಸೂರಿನಿಂದ:
‘ಮರಸೀತಾಳೆ’ ಸಮಾಸಪದ. ಜಾಗ ಸಾಲದೆಂದು ‘ಮರ’ ಒಂದು ಸಾಲಿಗೆ, ‘ಸೀತಾಳೆ’ ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳಿ.